ಆರನೇ ಮಣಿ

ವೃತ್ತದಲ್ಲಿ ಒಂದು ಲಘು ಗುರುವಾದರೆ ಪದ್ಯದ ನಡೆ ಎಡವುತ್ತದೆ. ಗುರು, ಲಘು ಎಂಬ ಎರಡೇ ಬಗೆಯನ್ನು ಮೂರು ಮೂರಾಗಿ ಕಟ್ಟಿ ನಮ್ಮ ಛಂದಸ್ಸು ಎಂಟು ಅಕ್ಷರಗಣಗಳನ್ನು ಮಾಡಿತು. ಜೀವಕೋಶವೂ ಮೂರಕ್ಷರದ ಗಣಗಳಲ್ಲೇ ಬರೆಯುತ್ತದೆ. ಅದರ ಅಕ್ಷರಗಳು ನಾಲ್ಕು: ಎ, ಟಿ, ಜಿ, ಸಿ. ಆದ್ದರಿಂದ ಗಣಗಳು 64. ಅವುಗಳಲ್ಲಿ 61 ಗಣಗಳು 20 ಅಮೈನೋ ಆಮ್ಲಗಳನ್ನು ಕರೆಯುತ್ತವೆ, ಉಳಿದ ಮೂರು ಪೂರ್ಣವಿರಾಮ. ಈ ಲಿಪಿಯನ್ನು ಬಿಡಿಸಿ 1968ರ ನೊಬೆಲ್ ಪಡೆದ ಮೂವರಲ್ಲಿ ಹರಗೋಬಿಂದ ಖುರಾನಾ ಒಬ್ಬರು.

ಈ ಲಿಪಿಯ ಬರಹಗಳಲ್ಲಿ ನನಗೆ ಎಷ್ಟು ಓದಿದರೂ ದಣಿಯದ್ದು ಹಿಮೋಗ್ಲೋಬಿನ್ನಿನ ಬೀಟಾ ಸರ. ಅದರ ಮೂಲಪ್ರತಿ 11ನೇ ವರ್ಣತಂತುವಿನಲ್ಲಿದೆ. ಮೂಲಪ್ರತಿ ಕೋಶಕೇಂದ್ರದ ಹೊಸಿಲು ದಾಟುವುದಿಲ್ಲ. ಆರ್‌ಎನ್‌ಎ ಎಂಬ ನಕಲು ಮಾತ್ರ ಹೊರಗೆ ಬರುತ್ತದೆ. ರೈಬೋಸೋಮ್ ಅದನ್ನು ಒಂದೊಂದೇ ಗಣವಾಗಿ ಓದುತ್ತದೆ. ಪ್ರತಿ ಗಣಕ್ಕೂ ತಕ್ಕ ಅಮೈನೋ ಆಮ್ಲವನ್ನು ಪುಟ್ಟ ಆರ್‌ಎನ್‌ಎಗಳು ಹೊತ್ತು ತರುತ್ತವೆ. ಹೀಗೆ ಪೋಣಿಸಿದ 146 ಮಣಿಗಳ ಸರ ಮಡಚಿಕೊಂಡು, ಕಬ್ಬಿಣವಿರುವ ಹೀಮನ್ನು ಒಡಲಲ್ಲಿಟ್ಟುಕೊಳ್ಳುತ್ತದೆ. ಎರಡು ಬೀಟಾ, ಎರಡು ಆಲ್ಫಾ ಕೂಡಿದರೆ ಹಿಮೋಗ್ಲೋಬಿನ್. ಸಾಲಾಗಿದ್ದ ಬರಹ ಇಲ್ಲಿ ಆಕಾರವಾಗಿ, ನಮ್ಮ ಉಸಿರನ್ನು ಹೊರುತ್ತದೆ.

ಈ ಸರದ ಆರನೇ ಮಣಿ ಗ್ಲುಟಾಮಿಕ್ ಆಮ್ಲ. ಅದರ ಗಣ ಜಿಎಜಿ. ಕೊನೆಯ ಜಿ ಹೋಗಿ ಎ ಬಂದರೂ ಅರ್ಥ ಕೆಡದು, ಲಿಪಿಗೆ ಅಷ್ಟು ಔದಾರ್ಯವಿದೆ. ನಡುವಿನ ಎ ಹೋಗಿ ಟಿ ಬಂದರೆ ಮಾತ್ರ ವ್ಯಾಲೀನ್ ಬಂದು ಕೂರುತ್ತದೆ. ಗ್ಲುಟಾಮಿಕ್ ಆಮ್ಲ ನೀರಿಗೆ ಒಲಿಯುವಂಥದ್ದು, ವ್ಯಾಲೀನ್ ಎಣ್ಣೆಯಂತೆ ನೀರಿಗೆ ಒಲ್ಲದ್ದು. ಆಮ್ಲಜನಕ ಇಳಿಸಿದೊಡನೆ ಅದು ಪಕ್ಕದ ಅಣುವಿನ ಗುಳಿಗೆ ಅಂಟುತ್ತದೆ. ಅಣುಗಳು ನಾರಾಗಿ ಹೆಣೆದುಕೊಂಡು, ದುಂಡನೆಯ ರಕ್ತಕಣ ಕುಡುಗೋಲಾಗುತ್ತದೆ. 120 ದಿನ ಬಾಳಬೇಕಾದದ್ದು 10–20 ದಿನಕ್ಕೆ ಮುಗಿಯುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ ಮೂಳೆಯೂ ನೋಯುತ್ತದೆ.

ಈ ಪಾಠಾಂತರವನ್ನು ಹಿಡಿದವರು ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್. 1956ರಲ್ಲಿ ಅವರು ಎರಡೂ ಬಗೆಯ ಹಿಮೋಗ್ಲೋಬಿನ್ನನ್ನು ತುಂಡರಿಸಿ ಸೋಸುಕಾಗದದ ಮೇಲೆ ಹರಡಿದರು. ಸುಮಾರು 30 ಚುಕ್ಕೆಗಳಲ್ಲಿ ಒಂದೇ ಒಂದು ಜಾಗ ತಪ್ಪಿ ಕೂತಿತ್ತು. ಅದರೊಳಗೆ ಬದಲಾದದ್ದು ಒಂದೇ ಅಮೈನೋ ಆಮ್ಲವೆಂದು ಮರುವರ್ಷ ತೋರಿಸಿದರು.

ರೈಬೋಸೋಮಿನದು ತಪ್ಪಿಲ್ಲ. ಇದ್ದದ್ದನ್ನು ಇದ್ದಂತೆಯೇ ಓದಿತು. ನಮ್ಮನ್ನು ಕಟ್ಟುವ ನಿಷ್ಠೆಯೂ ನೋಯಿಸುವ ನಿಷ್ಠೆಯೂ ಒಂದೇ. ತಂದೆತಾಯಿಯಿಂದ ಬರುವ ಎರಡು ಪ್ರತಿಗಳಲ್ಲಿ ಒಂದರಲ್ಲಷ್ಟೇ ಈ ಅಕ್ಷರ ಬದಲಾಗಿದ್ದರೆ ಸಾಮಾನ್ಯವಾಗಿ ರೋಗ ಕಾಣದು. ಉಗ್ರ ಮಲೇರಿಯಾದಿಂದ ರಕ್ಷಣೆಯೂ ಸಿಗುತ್ತದೆ. ಮಲೇರಿಯಾದ ಸೀಮೆಗಳಲ್ಲಿ ಈ ಅಕ್ಷರ ಅಳಿಯದೆ ಉಳಿದದ್ದು ಹಾಗೆ.

ಭಾರತದಲ್ಲಿ ಈ ಕುಡುಗೋಲು ಕಣ ಮೊದಲು ಕಂಡದ್ದು 1952ರಲ್ಲಿ, ನೀಲಗಿರಿಯ ಗುಡ್ಡಗಾಡು ಜನರಲ್ಲಿ. ಚಾಮರಾಜನಗರ, ಮೈಸೂರು ಸೀಮೆಯ ಹಾಡಿಗಳಲ್ಲೂ ಈ ನೋವು ಉಣ್ಣುವವರಿದ್ದಾರೆ. ಗಂಡಹೆಂಡಿರಿಬ್ಬರೂ ಬದಲಾದ ಒಂದು ಪ್ರತಿಯ ವಾಹಕರಾದರೆ ಪ್ರತಿ ಮಗುವಿಗೂ ರೋಗದ ಸಂಭವ ನಾಲ್ಕರಲ್ಲೊಂದು. ತಿಳಿಯಲು ಕೆಲವು ಹನಿ ರಕ್ತ ಸಾಕು. ಆ ಸೀಮೆಯವರು ಮದುವೆಗೆ ಮುನ್ನ ಈ ಪರೀಕ್ಷೆ ಮಾಡಿಸಿಕೊಳ್ಳಲಿ.