ಜಾಲಪುಟಗಳ ಸುಗಮ್ಯತೆ: ಮಾರ್ಗಸೂಚಿಗಳ ಒಂದು ವಿಮರ್ಶೆ

೧

ಜಾಲಪುಟಗಳ ರಚನೆಯನ್ನು ಕುರಿತು ಇತಿಹಾಸದ ಅಧ್ಯಾಪಕರು ಬರೆಯುವುದು ಅನಧಿಕಾರ ಚರ್ಚೆಯೆಂದು ಕೆಲವರಿಗೆ ತೋರಬಹುದು. ಆ ಆಕ್ಷೇಪಕ್ಕೆ ನಮ್ಮ ಸಮಾಧಾನವಿಷ್ಟೆ: ಶಾಸನಸಂಪುಟಗಳು, ಗೆಜೆಟಿಯರುಗಳು, ಹಳೆಯ ಪತ್ರಿಕೆಗಳು ಮುಂತಾದ ಆಕರಗಳನ್ನು ನಮ್ಮ ವಿದ್ಯಾರ್ಥಿಗಳು ಈಗ ಬಹುಮಟ್ಟಿಗೆ ಜಾಲದ ಮೂಲಕವೇ ಕಾಣುತ್ತಾರೆ. ಆಕರವು ಯಾವ ರೂಪದಲ್ಲಿ ದೊರೆಯುತ್ತದೆ, ಆ ರೂಪದಲ್ಲಿ ಅದು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬ ಪ್ರಶ್ನೆಗಳು ಆಕರವಿಮರ್ಶೆಗೆ ಹೊರಗಿನವಲ್ಲ.

ಈ ವಿಷಯದತ್ತ ನಮ್ಮ ಗಮನವನ್ನು ಸೆಳೆದದ್ದು ನಮ್ಮದೇ ಒಂದು ತಪ್ಪು. ಒಂದು ಪತ್ರಿಕೆಯ ಪಾಠಕ್ಕಾಗಿ ನಾವು ಮುದ್ರಿತ ಗ್ರಂಥದ ಕೆಲವು ಪುಟಗಳ ಛಾಯೆಗಳನ್ನು ತೆಗೆದು ವಿಭಾಗದ ಜಾಲಪುಟದಲ್ಲಿ ಇರಿಸಿದ್ದೆವು. ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬರು ಅದನ್ನು ಓದದೆ ತರಗತಿಗೆ ಬಂದರು. ಏಕೆ ಓದಲಿಲ್ಲವೆಂದು ಎಲ್ಲರೆದುರಿಗೆ ಕೇಳಿದೆವು. ಅವರು ಗಣಕಯಂತ್ರವನ್ನು ತೆರೆದು, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ನಡೆಸಿ ತೋರಿಸಿದರು. ಮೊದಲ ಪುಟಕ್ಕೆ ಅದು ಚಿತ್ರವೆಂದು ಹೇಳಿತು; ಎರಡನೆಯದಕ್ಕೂ ಚಿತ್ರವೆಂದಿತು; ಇಪ್ಪತ್ತೆರಡು ಪುಟಗಳಿಗೂ ಅದೊಂದೇ ಮಾತು. ನಾವು ಪಠ್ಯವೆಂದು ಕೊಟ್ಟದ್ದು ಪಠ್ಯವೇ ಆಗಿರಲಿಲ್ಲ.

ಇಂಥ ತಪ್ಪುಗಳನ್ನು ತಡೆಯಲೆಂದೇ ಅಂತರರಾಷ್ಟ್ರೀಯವಾಗಿ ಮಾರ್ಗಸೂಚಿಗಳು ರಚಿತವಾಗಿವೆ. ಅವುಗಳನ್ನು ಒಂದು ಐತಿಹಾಸಿಕ ದಾಖಲೆಯಂತೆ ಓದಿ, ಅವುಗಳ ಗುಣದೋಷಗಳನ್ನು ತೂಗಿನೋಡಿ, ಕನ್ನಡದ ಆಕರಗಳ ಮಟ್ಟಿಗೆ ಅವು ಎಷ್ಟು ಸಾಲುತ್ತವೆ ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶ. ದೃಷ್ಟಿ, ಶ್ರವಣ, ಚಲನೆ, ಗ್ರಹಿಕೆ ಇವುಗಳಲ್ಲಿ ಯಾವ ಬಗೆಯ ತೊಡಕುಳ್ಳವರೂ ಜಾಲಪುಟವನ್ನು ಪರಾಧೀನರಾಗದೆ ಬಳಸುವಂತಿರುವುದನ್ನು ಇಲ್ಲಿ ಸುಗಮ್ಯತೆ ಎಂದು ಕರೆದಿದ್ದೇವೆ.

೨

ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಸಂಸ್ಥೆ ೧೯೯೭ರಲ್ಲಿ ಸುಗಮ್ಯತೆಗಾಗಿಯೇ ಒಂದು ಶಾಖೆಯನ್ನು ತೆರೆಯಿತು. ಅದರ ಮೊದಲ ಮಾರ್ಗಸೂಚಿ ಹೊರಬಂದದ್ದು ೧೯೯೯ರ ಮೇ ತಿಂಗಳಿನಲ್ಲಿ. ಅದರಲ್ಲಿ ೧೪ ಸೂಚಿಗಳೂ ಅವುಗಳ ಕೆಳಗೆ ೬೫ ಪರೀಕ್ಷಾಂಶಗಳೂ ಇದ್ದವು. ಒಂದೊಂದು ಅಂಶಕ್ಕೂ ಮೊದಲನೆಯ, ಎರಡನೆಯ, ಮೂರನೆಯ ಆದ್ಯತೆಯೆಂದು ಸ್ಥಾನ ಕಲ್ಪಿಸಲಾಗಿತ್ತು. ಆ ಕಾಲದ ತಾಂತ್ರಿಕ ಪರಿಸ್ಥಿತಿಯ ಮುದ್ರೆ ಈ ಗ್ರಂಥದ ಮೇಲೆ ಸ್ಪಷ್ಟವಾಗಿದೆ. ಜಾಲವನ್ನು ತೋರಿಸುವ ತಂತ್ರಾಂಶಗಳು ಸುಧಾರಿಸುವವರೆಗೆ ಹೀಗೆ ಮಾಡತಕ್ಕದ್ದು ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಪಕ್ಕಪಕ್ಕದ ಎರಡು ಕೊಂಡಿಗಳ ನಡುವೆ ಬೇರೊಂದು ಅಕ್ಷರಚಿಹ್ನೆಯನ್ನು ಇಡಬೇಕೆಂಬ ವಿಧಿ ಈ ಜಾತಿಯದು. ಕಾರಣ ಹೋದ ಮೇಲೂ ವಿಧಿ ಉಳಿಯುವ ಅಪಾಯ ಇಂಥ ನಿಯಮಗಳಿಗೆ ಸಹಜವಾದುದು.

೨೦೦೮ರ ಡಿಸೆಂಬರಿನಲ್ಲಿ ಪ್ರಕಟವಾದ ಎರಡನೆಯ ಮಾರ್ಗಸೂಚಿ ಈ ದೋಷವನ್ನು ಬುಡದಲ್ಲಿಯೇ ತಿದ್ದಿತು. ಅದು ಯಾವುದೊಂದು ತಂತ್ರಕ್ಕೂ ಕಟ್ಟುಬೀಳದೆ ನಾಲ್ಕು ತತ್ತ್ವಗಳನ್ನು ಮುಂದಿಟ್ಟಿತು: ವಿಷಯವು ಇಂದ್ರಿಯಗಳಿಗೆ ಗೋಚರವಾಗಬೇಕು, ಪುಟವನ್ನು ನಡೆಸಲು ಸಾಧ್ಯವಾಗಬೇಕು, ಅರ್ಥವಾಗಬೇಕು, ಬಗೆಬಗೆಯ ಸಾಧನಗಳಲ್ಲಿ ಕೆಡದೆ ನಿಲ್ಲುವಷ್ಟು ದೃಢವಾಗಿರಬೇಕು. ಇವುಗಳ ಅಡಿಯಲ್ಲಿ ೧೨ ಸೂಚಿಗಳನ್ನೂ ೬೧ ಮಾನದಂಡಗಳನ್ನೂ ಎ, ಎಎ, ಎಎಎ ಎಂಬ ಮೂರು ದರ್ಜೆಗಳಲ್ಲಿ ಅಳವಡಿಸಲಾಯಿತು. ಚಿತ್ರಕ್ಕೆ ಬದಲಿ ಬರಹವಿರಬೇಕು, ಇಲಿಯನ್ನು ಹಿಡಿಯಲಾರದವರು ಕೀಲಿಮಣೆಯಿಂದಲೇ ಎಲ್ಲ ಕೆಲಸವನ್ನೂ ನಡೆಸುವಂತಿರಬೇಕು, ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ ೪.೫ಕ್ಕೆ ೧ರ ಪ್ರಮಾಣದಲ್ಲಿರಬೇಕು ಎಂಬಂಥವು ಇದರ ಪ್ರಸಿದ್ಧ ವಿಧಿಗಳು. ೨೦೧೨ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನಕದ ಪದವಿಯೂ ದೊರೆಯಿತು. ೨೦೧೮ರ ಪರಿಷ್ಕರಣದಲ್ಲಿ ೧೭ ಮಾನದಂಡಗಳು ಸೇರಿದವು. ೨೦೨೩ರಲ್ಲಿ ಇನ್ನೂ ೯ ಸೇರಿ, ಹಳೆಯದೊಂದು ಬಿಟ್ಟುಹೋಗಿ, ಒಟ್ಟು ಸಂಖ್ಯೆ ೮೬ಕ್ಕೆ ನಿಂತಿತು. ನಿಯಮದಿಂದ ತತ್ತ್ವದ ಕಡೆಗೆ ನಡೆದ ಈ ಬೆಳವಣಿಗೆ ಶ್ಲಾಘ್ಯವಾದುದೆಂಬುದರಲ್ಲಿ ಸಂದೇಹವಿಲ್ಲ.

೩

ಆದರೆ ಈ ಲಾಭದೊಡನೆ ಒಂದು ನಷ್ಟವೂ ಬಂದಿತೆಂಬುದನ್ನು ಗಮನಿಸಬೇಕು. ಎರಡನೆಯ ಮಾರ್ಗಸೂಚಿಯ ಕರ್ತೃಗಳು ಪ್ರತಿಯೊಂದು ಮಾನದಂಡವೂ ಪರೀಕ್ಷೆಗೆ ಒಳಪಡುವಂತಿರಬೇಕೆಂದು ನಿಯಮ ಮಾಡಿಕೊಂಡರು. ಇದು ನ್ಯಾಯವಾದುದೇ, ಪರೀಕ್ಷಿಸಲಾಗದ ವಿಧಿಯಿಂದ ತಕರಾರು ಹೆಚ್ಚುವುದೇ ಹೊರತು ಕಾರ್ಯ ನಡೆಯುವುದಿಲ್ಲ. ಆದರೆ ಅಳೆಯಲು ಬಾರದ ಗುಣಗಳು ಇದರಿಂದ ಹಿಂದಕ್ಕೆ ಸರಿದವು. ೧೯೯೯ರ ಗ್ರಂಥದಲ್ಲಿ, ವಿಷಯಕ್ಕೆ ತಕ್ಕಷ್ಟು ತಿಳಿಯಾದ ಸರಳವಾದ ಭಾಷೆಯನ್ನು ಬಳಸಬೇಕೆಂಬುದು ಮೊದಲನೆಯ ಆದ್ಯತೆಯ ವಿಧಿಯಾಗಿತ್ತು. ೨೦೦೮ರಲ್ಲಿ ಭಾಷೆಯ ಮಟ್ಟವನ್ನು ಕುರಿತ ವಿಧಿ ಎಎಎ ಎಂಬ ಕೊನೆಯ ದರ್ಜೆಗೆ ಹೋಯಿತು. ಆ ದರ್ಜೆಯನ್ನು ಇಡೀ ಜಾಲತಾಣಗಳಿಗೆ ಸಾಮಾನ್ಯ ನಿಯಮವಾಗಿ ವಿಧಿಸುವುದು ಸೂಕ್ತವಲ್ಲವೆಂದು ಮಾರ್ಗಸೂಚಿಯೇ ಹೇಳುವುದರಿಂದ, ಸರಳ ಭಾಷೆ ವ್ಯವಹಾರದಲ್ಲಿ ಕಡ್ಡಾಯದ ಎಲ್ಲೆಯಿಂದ ಹೊರಬಿದ್ದಂತಾಯಿತು. ಗ್ರಹಿಕೆಯ ತೊಡಕುಳ್ಳವರಿಗೆ ಇದರಿಂದ ಅನ್ಯಾಯವಾಗುವುದೆಂಬ ಆಕ್ಷೇಪ ಕರಡಿನ ಕಾಲದಲ್ಲಿಯೇ, ೨೦೦೬ರಲ್ಲಿ, ಕೇಳಿಬಂದಿತ್ತು. ಅತ್ಯುನ್ನತ ದರ್ಜೆಯನ್ನು ಮುಟ್ಟಿದ ಪುಟವೂ ಎಲ್ಲರಿಗೂ ಸುಗಮ್ಯವಾಗಲಾರದೆಂದು ಕರ್ತೃಗಳೇ ಒಪ್ಪಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆ ಒಪ್ಪಿಗೆಯನ್ನು ಮಾರ್ಗಸೂಚಿಯ ಬಳಕೆದಾರರು ಮರೆತಿರುವುದು ನಮ್ಮ ದೂರು. ಈ ಲೇಖನದ ಶೈಲಿಯೂ ಆ ವಿಧಿಯ ಒರೆಗಲ್ಲಿನಲ್ಲಿ ನಿಲ್ಲಲಾರದೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ.

ಪರೀಕ್ಷೆಯಲ್ಲಿ ಗೆದ್ದ ಪುಟವೂ ಓದುಗನನ್ನು ದಾರಿ ತಪ್ಪಿಸಬಹುದೆಂಬುದಕ್ಕೆ ನಮ್ಮ ಶಾಸ್ತ್ರದಿಂದಲೇ ಒಂದು ನಿದರ್ಶನ ಕೊಡಬಹುದು. ಶಾಸನಪಾಠವನ್ನು ಮುದ್ರಿಸುವಾಗ, ಕಲ್ಲಿನಲ್ಲಿ ಅಳಿಸಿಹೋಗಿ ಸಂಪಾದಕರು ಊಹೆಯಿಂದ ತುಂಬಿದ ಅಕ್ಷರಗಳನ್ನು ಕಂಸಗಳೊಳಗೆ ಇಡುವುದು ವಾಡಿಕೆ. ಕಣ್ಣಿನಿಂದ ಓದುವವನು ಕಂಸವನ್ನು ಕಂಡ ಕೂಡಲೇ ಎಚ್ಚರಗೊಳ್ಳುತ್ತಾನೆ. ಓದಿಹೇಳುವ ತಂತ್ರಾಂಶವಾದರೋ, ವಿರಾಮಾದಿ ಚಿಹ್ನೆಗಳನ್ನು ಉಚ್ಚರಿಸದಂತೆ ಹೊಂದಿಸಿದ್ದರೆ, ಕಂಸವನ್ನು ಮೌನವಾಗಿ ದಾಟಿಬಿಡುತ್ತದೆ. ಆಗ ಕೇಳುವವನಿಗೆ ಕಲ್ಲಿನ ಮಾತು ಯಾವುದು, ಸಂಪಾದಕನ ಊಹೆ ಯಾವುದು ಎಂಬ ವಿವೇಕವೇ ಉಳಿಯುವುದಿಲ್ಲ. ಕಂಸವು ಅಕ್ಷರರೂಪದಲ್ಲಿ ಪುಟದಲ್ಲಿ ಇದ್ದೇ ಇರುವುದರಿಂದ ಯಾಂತ್ರಿಕ ಪರೀಕ್ಷೆಗೆ ಅಲ್ಲಿ ದೋಷ ಕಾಣದು. ಇತಿಹಾಸದ ವಿದ್ಯಾರ್ಥಿಗೆ ಮಾತ್ರ ಇದಕ್ಕಿಂತ ದೊಡ್ಡ ದೋಷವಿಲ್ಲ.

ಬದಲಿ ಬರಹದ ವಿಷಯವೂ ಹೀಗೆಯೇ. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನದ ಛಾಯಾಚಿತ್ರವನ್ನು ಒಂದು ಪಾಠದಲ್ಲಿ ಇರಿಸಿದೆವೆನ್ನೋಣ. ಅದರ ಬದಲಿಗೆ ಶಾಸನದ ಚಿತ್ರ ಎಂದಷ್ಟೇ ಬರೆದರೆ ಯಂತ್ರವು ಒಪ್ಪಬಹುದು. ಆದರೆ ಪಾಠ ಲಿಪಿಯನ್ನು ಕುರಿತದ್ದಾದರೆ ಅಕ್ಷರಗಳ ಆಕಾರವನ್ನು ವರ್ಣಿಸಬೇಕು. ಭಾಷೆಯನ್ನು ಕುರಿತದ್ದಾದರೆ ೧೬ ಸಾಲುಗಳ ಪಾಠವನ್ನೇ ಕೊಡಬೇಕು. ಯಾವುದು ಬೇಕೆಂಬುದನ್ನು ಅಧ್ಯಾಪಕನಲ್ಲದೆ ಯಂತ್ರವು ನಿರ್ಧರಿಸಲಾರದು.

೪

ಇನ್ನು ಕನ್ನಡದ ವಿಶೇಷ ಸಮಸ್ಯೆಗೆ ಬರೋಣ. ಮಾರ್ಗಸೂಚಿಗಳೆಲ್ಲವೂ ಪುಟದ ಅಕ್ಷರಗಳು ನಿಜವಾದ ಅಕ್ಷರಗಳೇ ಎಂಬ ನಂಬಿಕೆಯಿಂದ ಹೊರಡುತ್ತವೆ. ಕನ್ನಡದಲ್ಲಿ ಈ ನಂಬಿಕೆ ಬಹುಕಾಲ ಸುಳ್ಳಾಗಿತ್ತು. ಯುನಿಕೋಡ್ ಎಂಬ ಸಾರ್ವತ್ರಿಕ ಸಂಕೇತವ್ಯವಸ್ಥೆಯಲ್ಲಿ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಅದು ಬಳಕೆಗೆ ಬರುವುದಕ್ಕೆ ಮುನ್ನವೂ ಬಂದ ಮೇಲೂ ನಮ್ಮ ಬೆರಳಚ್ಚು ಬೇರೊಂದು ಉಪಾಯದಿಂದ ನಡೆಯಿತು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳ ಆಕಾರಗಳನ್ನು ಕೂರಿಸಿ ಅಚ್ಚಿನ ಮೊಳೆಗಳಂತೆ ಜೋಡಿಸುವುದೇ ಆ ಉಪಾಯ. ಅಚ್ಚಿನ ಕೆಲಸಕ್ಕೆ ಅದು ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅಂಥ ಕಡತವು ಕಣ್ಣಿಗೆ ಶುದ್ಧ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಓದಿಹೇಳುವ ತಂತ್ರಾಂಶ ಆ ರಾಶಿಯನ್ನೇ ಉಚ್ಚರಿಸುತ್ತದೆ. ಶಬ್ದವೊಂದನ್ನು ಹುಡುಕಹೊರಟ ಸಂಶೋಧಕನಿಗೂ ಅದರಲ್ಲಿ ಏನೂ ಸಿಗದು. ಆ ವಿದ್ಯಾರ್ಥಿಯ ತೊಡಕೂ ಆ ಸಂಶೋಧಕನ ತೊಡಕೂ ಒಂದೇ ಮೂಲದವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಯುನಿಕೋಡ್ ಬಂದ ಮೇಲೂ ಕಣ್ಣಿನ ಪ್ರಮಾಣವೊಂದನ್ನೇ ನಂಬುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಅನುಸ್ವಾರದ ಬದಲಿಗೆ ಕನ್ನಡದ ಸೊನ್ನೆಯನ್ನು ಒತ್ತುವ ಬೆರಳಚ್ಚಿನ ತಪ್ಪು ಇದಕ್ಕೆ ಸಣ್ಣದಾದರೂ ಒಳ್ಳೆಯ ಉದಾಹರಣೆ. ಎರಡರ ಆಕಾರವೂ ಒಂದೇ. ಕರಡು ತಿದ್ದುವವರ ಕಣ್ಣಿಗೆ ಭೇದ ಕಾಣದು. ಕಿವಿಗೆ ಮಾತ್ರ ಗಂಗ ಎಂಬ ವಂಶದ ಹೆಸರು ನಡುವೆ ಒಂದು ಅಂಕಿಯಿಂದ ಒಡೆದು ಕೇಳಿಸುತ್ತದೆ. ಹಳೆಯ ಮುದ್ರಣದ ಛಾಯೆಗಳಿಂದ ಯಂತ್ರವೇ ಅಕ್ಷರಗಳನ್ನು ಗುರುತಿಸಿ ಪಠ್ಯವನ್ನು ಸಿದ್ಧಪಡಿಸುವಾಗಲೂ ಇದೇ ಬಗೆಯ ಭ್ರಾಂತಿಗಳು ಉಂಟಾಗುತ್ತವೆ. ಆದುದರಿಂದ ಅಂಥ ಪಠ್ಯವನ್ನು ಬಲ್ಲವರು ಮೂಲದೊಡನೆ ಹೋಲಿಸಿ ತಿದ್ದದ ಹೊರತು ಆಕರವೆಂದು ಮುಂದಿಡಬಾರದು.

ಮೂರನೆಯ ಅಂಶ ಭಾಷಾನಿರ್ದೇಶ. ಪುಟದ ಭಾಷೆ ಯಾವುದೆಂಬುದನ್ನು ಯಂತ್ರಕ್ಕೆ ತಿಳಿಯುವಂತೆ ಸೂಚಿಸುವುದು ಎ ದರ್ಜೆಯ ವಿಧಿ. ಪುಟದೊಳಗಿನ ಅನ್ಯಭಾಷೆಯ ಭಾಗಗಳನ್ನು ಸೂಚಿಸುವುದು ಎಎ ದರ್ಜೆಯದು. ರೈಸ್ ಅವರು ೧೮೮೬ರಿಂದ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇವೆ. ಇಂಥ ಗ್ರಂಥವನ್ನು ಜಾಲಕ್ಕೆ ತರುವಾಗ ಈ ಸೂಚನೆಯನ್ನು ಕೈಬಿಟ್ಟರೆ, ಇಂಗ್ಲಿಷಿನ ಧ್ವನಿಯೇ ಲಿಪ್ಯಂತರವನ್ನೂ ಓದಲು ಹೋಗಿ ಕೇಳುವವನನ್ನು ಕಂಗೆಡಿಸುತ್ತದೆ. ಈ ಎರಡು ವಿಧಿಗಳು ಬಹುಭಾಷೆಯ ನಾಡಿಗಾಗಿಯೇ ಹುಟ್ಟಿದಂತಿವೆ. ನಮ್ಮಲ್ಲಿ ಪಾಲನೆ ಮಾತ್ರ ಸಾಲದು.

೫

ಕಾನೂನಿನ ಬಲ ಇಲ್ಲದೆ ಇವು ನಡೆಯಲಾರವೆಂಬ ವಾದವಿದೆ. ಅದರಲ್ಲಿ ಸತ್ಯವುಂಟು. ಸಿಡ್ನಿ ಒಲಿಂಪಿಕ್ ಕ್ರೀಡೆಗಳ ಜಾಲತಾಣವನ್ನು ತಾವು ಬಳಸಲಾಗುತ್ತಿಲ್ಲವೆಂದು ಬ್ರೂಸ್ ಮ್ಯಾಗ್ವೈರ್ ಎಂಬ ಅಂಧರು ಹೂಡಿದ ದೂರನ್ನು ಆಸ್ಟ್ರೇಲಿಯದ ಮಾನವಹಕ್ಕುಗಳ ಆಯೋಗ ೨೦೦೦ದಲ್ಲಿ ಎತ್ತಿಹಿಡಿದು, ೨೦,೦೦೦ ಡಾಲರುಗಳ ಪರಿಹಾರವನ್ನು ವಿಧಿಸಿತು. ಚಿತ್ರಗಳಿಗೆ ಬದಲಿ ಬರಹವಿಲ್ಲವೆಂಬುದಷ್ಟೇ ಅಲ್ಲದೆ, ಕಾರ್ಯಕ್ರಮದ ಪುಟದಿಂದ ಕ್ರೀಡೆಗಳ ಪಟ್ಟಿಯನ್ನು ತಲುಪಲಾಗದೆಂಬುದೂ ಆ ದೂರಿನಲ್ಲಿ ಸೇರಿತ್ತು. ಪುಟಗಳು ಓದಲು ಬಂದರೆ ಸಾಲದು, ಒಂದರಿಂದ ಇನ್ನೊಂದಕ್ಕೆ ದಾರಿಯೂ ಇರಬೇಕೆಂಬ ಪಾಠ ಇದರಲ್ಲಿದೆ.

ನಮ್ಮ ದೇಶದಲ್ಲಿ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ೨೦೦೯ರಲ್ಲಿ ಬಂದು, ಅದರ ಮೂರನೆಯ ಆವೃತ್ತಿ ೨೦೨೩ರಲ್ಲಿ ಹೊರಟಿತು. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ೪೨ನೆಯ ಪ್ರಕರಣ ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನದ ಸುಗಮ್ಯತೆಯನ್ನೇ ಕುರಿತದ್ದು. ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಮೊಕದ್ದಮೆಯಲ್ಲಿ, ಕೇವಲ ಸಲಹಾರೂಪದ ಮಾನಕಗಳು ಸಾಲವು, ಕಡ್ಡಾಯವಾದ ಕನಿಷ್ಠ ನಿಯಮಗಳು ಬೇಕು ಎಂದು ತೀರ್ಪಿತ್ತಿತು. ೨೦೨೫ರ ಏಪ್ರಿಲಿನಲ್ಲಿ ಪ್ರಜ್ಞಾ ಪ್ರಸೂನ್ ಮೊಕದ್ದಮೆಯಲ್ಲಿ, ಗಣಕಜಾಲದ ಸೌಲಭ್ಯಗಳಿಗೆ ಪ್ರವೇಶವು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಗುರುತಿನ ಪರೀಕ್ಷೆಗಾಗಿ ಯಂತ್ರದ ಮುಂದೆ ಕಣ್ಣು ಮಿಟುಕಿಸಬೇಕೆಂಬ ವಿಧಿಯಿಂದ ಆಮ್ಲದಾಳಿಗೆ ತುತ್ತಾದವರೂ ಅಂಧರೂ ಪಡುತ್ತಿದ್ದ ಕಷ್ಟ ಆ ಮೊಕದ್ದಮೆಯ ಮೂಲ.

ಈ ತೀರ್ಪುಗಳನ್ನು ನಾವು ಗೌರವದಿಂದ ಸ್ವಾಗತಿಸುತ್ತೇವೆ. ಆದರೂ ಕಡ್ಡಾಯವು ಪ್ರಮಾಣಪತ್ರದಲ್ಲಿ ಕೊನೆಗೊಳ್ಳುವ ಅಪಾಯ ಇದ್ದೇ ಇದೆ. ಕಾನೂನು ತಳವನ್ನು ಹಾಕಬಲ್ಲದು; ಆ ಕಂಸದೊಳಗಿನ ಅಕ್ಷರಗಳನ್ನು ಕಿವಿಗೆ ಹೇಗೆ ತಲುಪಿಸಬೇಕೆಂಬುದನ್ನು ಅದು ಹೇಳಲಾರದು. ಆ ಕೆಲಸ ಆಯಾ ಶಾಸ್ತ್ರದವರದು.

೬

ಮೇಲಿನ ಪರಿಶೀಲನೆಯಿಂದ ಹೊರಡುವ ಕೆಲವು ಕರ್ತವ್ಯಗಳನ್ನು ಸೂಚಿಸಿ ಮುಗಿಸುತ್ತೇವೆ. ವಿಭಾಗಗಳು ಇನ್ನು ಮುಂದೆ ಛಾಯೆಯನ್ನು ಪಠ್ಯದೊಡನೆ ಕೊಡಬೇಕು. ಪಠ್ಯದ ಬದಲಿಗೆ ಕೊಡಕೂಡದು. ಹಳೆಯ ಸಂಕೇತದ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಬೇಕು. ಶಾಸನಪಾಠಗಳಲ್ಲಿ ಊಹಿತ ಭಾಗಗಳನ್ನು ಚಿಹ್ನೆಯಿಂದಲ್ಲದೆ ಮಾತಿನಿಂದಲೂ ಸೂಚಿಸಬೇಕು. ಶೀರ್ಷಿಕೆಗಳನ್ನು ದಪ್ಪ ಅಕ್ಷರಗಳಿಂದ ತೋರಿಸುವುದಷ್ಟೇ ಅಲ್ಲದೆ ಶೀರ್ಷಿಕೆಗಳೆಂದೇ ಗುರುತಿಸಬೇಕು. ಹಾಗೆ ಗುರುತಿಸಿದಾಗ ಮಾತ್ರ ಕೇಳುವವನು ಅಧ್ಯಾಯದಿಂದ ಅಧ್ಯಾಯಕ್ಕೆ ನೆಗೆಯಬಲ್ಲನು. ಎಲ್ಲಕ್ಕಿಂತ ಮಿಗಿಲಾಗಿ, ಪುಟವು ಸಿದ್ಧವಾಯಿತೆಂದು ಹೇಳುವ ಮುನ್ನ ಅದನ್ನು ಬಳಸಬೇಕಾದವರ ಕೈಗೆ ಕೊಟ್ಟು, ಅವರು ಹೇಳುವುದನ್ನು ಕೇಳಬೇಕು.

ನಾವು ಆ ಇಪ್ಪತ್ತೆರಡು ಪುಟಗಳನ್ನು ಮತ್ತೆ ಬೆರಳಚ್ಚು ಮಾಡಿದೆವು. ತಿದ್ದಿದ ಪಾಠವನ್ನು ಮೊದಲು ಪರೀಕ್ಷಿಸಿದವರು ಆ ವಿದ್ಯಾರ್ಥಿಯೇ. ನಾವು ಮೂರು ಸಲ ಓದಿ ಬಿಟ್ಟಿದ್ದ ಹನ್ನೊಂದು ಸೊನ್ನೆಗಳನ್ನು ಅವರು ಒಂದೇ ಸಲ ಕೇಳಿ ಹಿಡಿದುಕೊಟ್ಟರು. ಈಗ ತರಗತಿಯಲ್ಲಿ ಎಲ್ಲರೂ ಓದುತ್ತಿರುವುದು ಆ ಪಾಠವನ್ನೇ.