ಹೊಟ್ಟಿನ ಬೂದಿಯ ಬಿಳುಪು

ಮಣ್ಣಿನ ಶಿಲ್ಪದಲ್ಲಿ ಅಲಂಕಾರ ಕಡಿಮೆಯಾದಷ್ಟೂ ಕಲಾವಿದನ ಬಂಡವಾಳ ಬಯಲಾಗುತ್ತದೆ. ಬಳ್ಳಿ, ಹೂವು, ಚಿನ್ನದ ಅಂಚು ಇದ್ದರೆ ಕಣ್ಣು ಅಲ್ಲೇ ಸುತ್ತಾಡುತ್ತದೆ. ಅವಿಲ್ಲದಿದ್ದರೆ ಉಳಿಯುವುದು ಆಕಾರ, ಮಣ್ಣು, ಬೆಂಕಿ ಮೂರೇ. 1954ರಲ್ಲಿ ಜಪಾನಿನ ಕ್ಯೋಟೊದ ಕುಂಬಾರ ಯಾಗಿ ಕಜುವೊ ತಿಗರಿಯಲ್ಲಿ ತೆಗೆದ ಟೊಳ್ಳು ಬಳೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಪುಟ್ಟ ಕೊಳವೆಗಳನ್ನು ಅಂಟಿಸಿದ. ಕಾಫ್ಕಾನ ಕಥಾನಾಯಕ ಸಾಮ್ಸಾನ ಹೆಸರನ್ನೇ ಅದಕ್ಕಿಟ್ಟ. ನೀರು ತುಂಬುವಂತಿಲ್ಲ, ಹೂವಿಡುವಂತಿಲ್ಲ. ಮಡಕೆ ಮಾಡುವ ಕೈಯೇ ಮಡಕೆಯ ಹಂಗು ಹರಿದುಕೊಂಡಿತ್ತು.

ಇದನ್ನೆಲ್ಲ ಮಲೆಬೆನ್ನೂರಿನವರಿಗೇಕೆ ಹೇಳಬೇಕು? ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ ಇದು. ಗಿರಣಿಗಳ ಹೊಟ್ಟು, ಅದರ ಬೂದಿ ನಮಗೆ ಬರೀ ಕಸ. ಜಪಾನಿನ ಕುಂಬಾರರಿಗೆ ಅದೇ ಬಣ್ಣದ ಪೆಟ್ಟಿಗೆ. ಹೊಟ್ಟಿನ ಬೂದಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಸಿಲಿಕಾ ಇರುತ್ತದೆ. ಅದನ್ನು ನುಣ್ಣಗೆ ಅರೆದು, ಸೌದೆ ಬೂದಿ ಮತ್ತು ಫೆಲ್ಡ್‌ಸ್ಪಾರ್ ಜತೆ ಹೆಚ್ಚುಕಡಿಮೆ ಸಮಪಾಲಾಗಿ ಬೆರೆಸಿ ಬಳಿದು, 1,200 ಡಿಗ್ರಿ ದಾಟಿಸಿ ಸುಟ್ಟರೆ ಗಂಜಿಯಂಥ ಮಬ್ಬು ಬಿಳುಪು ಬರುತ್ತದೆ. ದಪ್ಪ ಕೂತಲ್ಲಿ ನೀಲಿಛಾಯೆ, ಅಂಚಿನಲ್ಲಿ ತೆಳುವಾದಲ್ಲಿ ಒಳಗಿನ ಮಣ್ಣಿನ ಕಂದು. ಮಾಷಿಕೊ ಊರಿನ ಕುಂಬಾರ ಹಮಾದಾ ಶೋಜಿ ಈ ಮೆರುಗನ್ನು ಬಹಳ ನೆಚ್ಚಿಕೊಂಡಿದ್ದರು. ಜಪಾನಿನದೇ ಇನ್ನೊಂದು ಕುಂಬಾರಿಕೆಯ ಊರಾದ ಬಿಜೆನ್‌ನವರಂತೂ ಮೆರುಗನ್ನೇ ಹಚ್ಚುವುದಿಲ್ಲ. ಹಸಿ ಪಾತ್ರೆಗೆ ಭತ್ತದ ಹುಲ್ಲು ಸುತ್ತಿ ಸುಡುತ್ತಾರೆ. ಹುಲ್ಲಿನ ಕ್ಷಾರ ಮಣ್ಣಿನ ಕಬ್ಬಿಣದೊಡನೆ ಕೂಡಿ, ಹುಲ್ಲು ತಾಗಿದಲ್ಲೆಲ್ಲ ಕೆಂಪು ಗೆರೆ ಏಳುತ್ತದೆ. ಕುಂಚದ ಕೆಲಸವೇ ಇಲ್ಲ.

ಆ ಬಿಜೆನ್‌ನಲ್ಲಿ ಕಲಿತ ಡೆಬೊರಾ ಸ್ಮಿತ್, ರೇ ಮೀಕರ್ ಜತೆಗೂಡಿ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಕಟ್ಟಿದರು. ದೇಶದ ಹಲವು ಪಿಂಗಾಣಿ ಕಲಾವಿದರು ಪಳಗಿದ್ದು ಅಲ್ಲಿ. ನಮ್ಮ ರಾಜ್ಯದಲ್ಲೂ ಕುಂಬಾರಿಕೆ ಕಲಿಸಲು ಖಾನಾಪುರದಲ್ಲಿ ಖಾದಿ ಆಯೋಗದ ಸಂಸ್ಥೆಯಿದೆ. ಆದರೆ ಬೂದಿಯ ಮೆರುಗಿಗೆ 1,200 ಡಿಗ್ರಿ ಬೇಕು, ನಮ್ಮ ಕುಂಬಾರರ ಆವಿಗೆ ಸಾವಿರ ಡಿಗ್ರಿ ಮುಟ್ಟುವುದೂ ಕಷ್ಟ; ಕೊರತೆ ಕೈಚಳಕದ್ದಲ್ಲ, ಉರಿಯದ್ದು.

ಈಗ ‘ವಾಬಿ-ಸಾಬಿ’ (ಅಪೂರ್ಣತೆಯಲ್ಲೇ ಚೆಲುವು ಕಾಣುವ ಜಪಾನಿ ಅಭಿರುಚಿ) ಎಂಬ ಚೀಟಿ ಅಂಟಿಸಿದ ಸಾಮಾನು ಪೇಟೆಯಲ್ಲಿ ಬೇಕಾದಷ್ಟಿದೆ. ಕೊಳ್ಳುವ ಮುನ್ನ ತಲೆಕೆಳಗು ಮಾಡಿ ನೋಡಿ. ತಳದಲ್ಲಿ ಬೋಳು ಮಣ್ಣು, ಮೆರುಗು ನಿಂತ ಗೆರೆ, ಬೆರಳಿನ ಗುರುತು ಕಾಣಬೇಕು. ಎಲ್ಲ ಕಡೆಯೂ ಒಂದೇ ಬಿಳುಪಾಗಿದ್ದರೆ ಅದು ಡಬ್ಬಿಯ ಬಣ್ಣವಿರಬಹುದು. ಜಪಾನಿನಿಂದ ಆಕಾರ ಕದಿಯುವುದು ಸುಲಭ. ಕಲಿಯಬೇಕಾದ್ದು ಊರಿನ ಬೂದಿಯನ್ನು ನಂಬುವ ಧೈರ್ಯವನ್ನು. ಆ ಧೈರ್ಯಕ್ಕೆ ಬೇಕಾದ ಸರಕು ನಮ್ಮಲ್ಲಿ ಲಾರಿಗಟ್ಟಲೆ ಬಿದ್ದಿದೆ.