ಮರಿಯಾ ಕಾಲಸ್: ಕಂಠದೋಷವೂ ರಸಸಿದ್ಧಿಯೂ

ಗಾನದ ಗುಣದೋಷವಿಚಾರದಲ್ಲಿ ಕಂಠಮಾಧುರ್ಯವು ಪ್ರಧಾನವೋ, ರಸನಿರ್ವಹಣವು ಪ್ರಧಾನವೋ ಎಂಬ ಪ್ರಶ್ನೆಯು ಹಳೆಯದು. ಆದ್ಯಂತವಾಗಿ ಗೇಯರೂಪವಾದ ಯೂರೋಪಿನ ಆಪೆರಾ ನಾಟಕದಲ್ಲಿ ಈ ಪ್ರಶ್ನೆಯು ಮರಿಯಾ ಕಾಲಸ್ ಎಂಬ ಗಾಯಕಿಯ ನಿಮಿತ್ತವಾಗಿ ಬಹು ತೀಕ್ಷ್ಣವಾಗಿ ಎದ್ದಿತು. ಈಕೆಯು ಸೊಪ್ರಾನೊ, ಎಂದರೆ ಸ್ತ್ರೀಕಂಠಗಳಲ್ಲಿ ಅತ್ಯುಚ್ಚವಾದ ವರ್ಗಕ್ಕೆ ಸೇರಿದವಳು. ಈಕೆಯನ್ನು ಕುರಿತ ಗ್ರಂಥಗಳು ಹೇರಳವಾಗಿವೆ. ಆದರೆ ಅವುಗಳಲ್ಲಿ ಅನೇಕವು ನೌಕೋದ್ಯಮಿ ಒನಾಸಿಸನೊಡನೆ ಈಕೆಗಿದ್ದ ಪ್ರಣಯವನ್ನೂ, ರಂಗಶಾಲೆಗಳ ಅಧಿಕಾರಿಗಳೊಡನೆ ನಡೆದ ಕಲಹವನ್ನೂ ವರ್ಣಿಸುವುದರಲ್ಲಿಯೇ ತೃಪ್ತವಾಗಿವೆ. ಗಾನವನ್ನು ಬಿಟ್ಟು ಗಾಯಕಿಯನ್ನು ವರ್ಣಿಸುವುದು ವಿಮರ್ಶೆಯಾಗಲಾರದು. ಆದಕಾರಣ ಚರಿತ್ರಾಂಶವನ್ನು ಸಂಗ್ರಹವಾಗಿ ಹೇಳಿ ಪ್ರಕೃತಕ್ಕೆ ಬರುವೆವು.

ಈಕೆಯು 1923ನೆಯ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಗ್ರೀಕ್ ದಂಪತಿಗಳಿಗೆ ಜನಿಸಿ, 1937ರಲ್ಲಿ ತಾಯಿಯೊಡನೆ ಗ್ರೀಸಿಗೆ ಹೋಗಿ, ಆಥೆನ್ಸಿನಲ್ಲಿ ಎಲ್ವಿರಾ ದೆ ಹಿದಾಲ್ಗೊ ಎಂಬ ಸ್ಪೇನ್ ದೇಶದ ಗಾಯಕಿಯ ಬಳಿ ವಿದ್ಯಾಭ್ಯಾಸಮಾಡಿದಳು. 1947ರಲ್ಲಿ ಇಟಲಿಯ ವೆರೋನಾ ನಗರದ ರೋಮನ್ ಬಯಲು ರಂಗದಲ್ಲಿ, ತುಲ್ಲಿಯೊ ಸೆರಾಫಿನ್ ಎಂಬ ಹಿರಿಯ ಮೇಳನಾಯಕನ ನೇತೃತ್ವದಲ್ಲಿ ‘ಲಾ ಜೊಕೊಂಡಾ’ ನಾಟಕದ ನಾಯಿಕೆಯಾಗಿ ಹಾಡಿದಳು. 1949ರ ಜನವರಿಯಲ್ಲಿ ವೆನಿಸಿನಲ್ಲಿ ವಾಗ್ನರನ ಬ್ರೂನ್‌ಹಿಲ್ಡೆಯ ಪಾತ್ರವನ್ನು ವಹಿಸುತ್ತಿದ್ದಾಗ, ಬೆಲ್ಲಿನಿಯ ‘ಇ ಪುರಿತಾನಿ’ಯಲ್ಲಿ ಹಾಡಬೇಕಾಗಿದ್ದ ಗಾಯಕಿಯು ಅಸ್ವಸ್ಥಳಾಗಲು, ಕೆಲವೇ ದಿನಗಳಲ್ಲಿ ಆ ಪಾತ್ರವನ್ನು ಪಾಠಮಾಡಿ ಹಾಡಿದಳು. ಮೊದಲನೆಯದಕ್ಕೆ ಕಂಠಬಲವು ಬೇಕು. ಎರಡನೆಯದಕ್ಕೆ ದ್ರುತಗತಿಯ ಸ್ವರಲಾಘವವು ಬೇಕು. ಇವೆರಡೂ ಏಕತ್ರ ಸೇರುವುದು ಅತಿ ವಿರಳ. 1951ರ ಡಿಸೆಂಬರಿನಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಶಾಲೆಯ ವರ್ಷಾರಂಭದ ನಾಟಕದಲ್ಲಿ ಈಕೆಯೇ ನಾಯಿಕೆ. 1965ರ ಜುಲೈಯಲ್ಲಿ ಲಂಡನ್ನಿನಲ್ಲಿ ಹಾಡಿದ ‘ತೋಸ್ಕಾ’ವೇ ಕಡೆಯ ನಾಟಕ, 1977ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ದೇಹಾವಸಾನ. ಒಟ್ಟಿನಲ್ಲಿ ಪೂರ್ಣಪ್ರಭೆಯ ಕಾಲವು ಹದಿನೈದು ವರ್ಷಗಳಿಗೆ ಮೀರದು.

ಇಲ್ಲಿ ಪೂರ್ವಪಕ್ಷವು ಹೀಗಿದೆ: ಈಕೆಯ ನಾದವು ಏಕರೂಪವಲ್ಲ, ಮಂದ್ರ ಮಧ್ಯ ತಾರಗಳಲ್ಲಿ ಮೂವರು ಹಾಡಿದಂತೆ ಕೇಳಿಸುತ್ತದೆ, ತಾರದಲ್ಲಿ ಧ್ವನಿಯು ನಡುಗುತ್ತದೆ, ಸಮಕಾಲೀನಳಾದ ರೆನಾತಾ ತೆಬಾಲ್ದಿಯ ಕಂಠಮಾಧುರ್ಯವು ಇಲ್ಲಿಲ್ಲ, ಆದುದರಿಂದ ಈ ಕೀರ್ತಿಯು ರಂಗದ ಆಡಂಬರದಿಂದ ಬಂದುದು, ಎಂದು.

ಇದಕ್ಕೆ ಸಮಾಧಾನವನ್ನು ಹೇಳುವೆವು. ಸಂಗೀತರತ್ನಾಕರದಲ್ಲಿ ಶಾರ್ಙ್ಗದೇವನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ ಎಂದು ಗಾಯಕರನ್ನು ಐದು ಬಗೆಯಾಗಿ ವಿಭಾಗಿಸಿದ್ದಾನೆ. ಕೇಳುವವರನ್ನು ರಂಜಿಸುವವನು ರಂಜಕ. ಗೀತಕ್ಕೇ ಅತಿಶಯವನ್ನು ಉಂಟುಮಾಡುವವನು ಭಾವಕ. ತೆಬಾಲ್ದಿಯು ರಂಜಕವರ್ಗದಲ್ಲಿ ಅಗ್ರಗಣ್ಯಳೆಂದು ಒಪ್ಪುವುದಕ್ಕೆ ಅಡ್ಡಿಯಿಲ್ಲ. ಕಾಲಸಳಾದರೋ ಭಾವಕಳು. ಭಾವಕನನ್ನು ರಂಜಕನ ಅಳತೆಯಿಂದ ಅಳೆಯುವುದು ನ್ಯಾಯವಲ್ಲ.

ಉದಾಹರಣೆಗೆ ದೊನಿಜೆತ್ತಿಯು 1835ರಲ್ಲಿ ರಚಿಸಿದ ‘ಲುಚಿಯಾ’ ನಾಟಕದ ಉನ್ಮಾದಪ್ರಕರಣವನ್ನು ನೋಡಬಹುದು. ಬಲವಂತದ ವಿವಾಹದ ರಾತ್ರಿಯಲ್ಲಿ ವರನನ್ನು ಇರಿದು ಬುದ್ಧಿಭ್ರಮಣೆಗೊಂಡ ಕನ್ಯೆಯು ಹಾಡುವ ಭಾಗವಿದು. ಇದರ ವೇಗದ ಸ್ವರಮಾಲೆಗಳು ಹಿಂದಿನ ತಲೆಮಾರಿನಲ್ಲಿ ಬಹುಮಟ್ಟಿಗೆ ಲಘುಕಂಠದವರ ಸ್ವರವ್ಯಾಯಾಮವಾಗಿ ಪರಿಣಮಿಸಿದ್ದುವು. 1955ರಲ್ಲಿ ಬರ್ಲಿನಿನಲ್ಲಿ ಕಾರಾಯಾನನ ನೇತೃತ್ವದಲ್ಲಿ ಕಾಲಸ್ ಹಾಡಿದುದರ ಧ್ವನಿಮುದ್ರಣವನ್ನು ಕೇಳಿದರೆ, ಅವೇ ಸ್ವರಗಳು ತಡವರಿಸುವ ಸ್ಮೃತಿಯಂತೆಯೂ, ಇಲ್ಲದ ಪ್ರಿಯನನ್ನು ಕಂಡ ಭ್ರಾಂತಿಯಂತೆಯೂ ತೋರುತ್ತವೆ. ಅಲಂಕಾರವು ರಸಾವೇಶದಲ್ಲಿಯೇ ಬೇರೆ ಯತ್ನವಿಲ್ಲದೆ ಹುಟ್ಟಬೇಕೆಂಬ ಆನಂದವರ್ಧನನ ಮತಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದುರ್ಲಭ.

ದೋಷಗಳ ಮಾತೇನು? ದೋಷವೇ ಗುಣವೆಂದು ಸಾಧಿಸುವ ಅಭಿಮಾನಿಗಳ ಪಕ್ಷವನ್ನೂ ನಾವು ಒಪ್ಪಲಾರೆವು. ಶ್ರುತಿದುಷ್ಟವು ಶೃಂಗಾರದಲ್ಲಿ ದೋಷವಾದರೂ ರೌದ್ರದಲ್ಲಿ ದೋಷವಲ್ಲವಾದ್ದರಿಂದ ಆಲಂಕಾರಿಕರು ಅದನ್ನು ಅನಿತ್ಯದೋಷವೆಂದರು. 1953ರಲ್ಲಿ ಫ್ಲಾರೆನ್ಸಿನಲ್ಲಿ ಕಾಲಸ್ ಪುನರುಜ್ಜೀವನಗೊಳಿಸಿದ ಕೆರೂಬಿನಿಯ ‘ಮೆಡಿಯಾ’ದಲ್ಲಿ, ಸ್ವಂತ ಮಕ್ಕಳನ್ನೇ ಕೊಲ್ಲುವ ತಾಯಿಯ ಪಾತ್ರಕ್ಕೆ ಆ ಮಂದ್ರದ ಪಾರುಷ್ಯವು ಉಚಿತವೇ ಆಗಿದೆ. ಆದರೆ ‘ನೋರ್ಮಾ’ದಲ್ಲಿ ಅರ್ಚಕಿಯು ಚಂದ್ರದೇವತೆಯನ್ನು ಪ್ರಾರ್ಥಿಸುವಲ್ಲಿ ಶಾಂತವೇ ಪ್ರಧಾನ, ಅಲ್ಲಿ ನಡುಕವು ಶಾರ್ಙ್ಗದೇವನು ದೋಷಗಳಲ್ಲಿ ಎಣಿಸಿದ ಕಂಪಿತವೇ ಸರಿ. 1954ರ ಮುದ್ರಣವನ್ನೂ 1960ರ ಮುದ್ರಣವನ್ನೂ ಹೋಲಿಸಿದರೆ ಎರಡನೆಯದರಲ್ಲಿ ಕಂಪವು ಬೆಳೆದಿರುವುದು ಸ್ಪಷ್ಟ; ಕರುಣಭಾಗಗಳಲ್ಲಿ ಭಾವವು ಪಕ್ವವಾಗಿರುವುದೂ ಅಷ್ಟೇ ಸ್ಪಷ್ಟ. ಕಂಠಹಾನಿಗೆ ಗುರುಲಘುಪಾತ್ರಗಳ ಮಿಶ್ರಣವನ್ನು ಕೆಲವರೂ, ದೇಹಭಾರವನ್ನು ಬೇಗನೆ ಇಳಿಸಿದುದನ್ನು ಕೆಲವರೂ ಕಾರಣವಾಗಿ ಹೇಳುವರು. ಅದು ವೈದ್ಯರ ವಿಷಯ.

ಫಲದಿಂದಲೂ ಈ ನಿರ್ಣಯವು ದೃಢವಾಗುತ್ತದೆ. 1957ರಲ್ಲಿ ಕಾಲಸ್ ಲಾ ಸ್ಕಾಲಾದಲ್ಲಿ ದೊನಿಜೆತ್ತಿಯ ‘ಆನ್ನಾ ಬೊಲೇನಾ’ವನ್ನು ಹಾಡಿದ ಮೇಲೆ ಮೂಲೆಗೆ ಬಿದ್ದಿದ್ದ ಅಂತಹ ಕೃತಿಗಳು ಮರಳಿ ರಂಗಕ್ಕೆ ಬಂದುವು. 1952ರಲ್ಲಿ ಲಂಡನ್ನಿನಲ್ಲಿ ಈಕೆಯ ನೋರ್ಮಾಗೆ ಸಖಿಯ ಚಿಕ್ಕ ಪಾತ್ರವನ್ನು ವಹಿಸಿದ್ದ ಜೋನ್ ಸದರ್ಲೆಂಡ್ ಮುಂದೆ ಅದೇ ಮಾರ್ಗದಲ್ಲಿ ವಿಖ್ಯಾತಳಾದಳು. ಕಂಠವು ಹದಿನೈದು ವರ್ಷಗಳಲ್ಲಿ ಸೋತರೂ ತೆರೆದ ಮಾರ್ಗವು ಮುಚ್ಚಲಿಲ್ಲ. ಆದುದರಿಂದ ದೋಷವನ್ನು ದೋಷವೆಂದೇ ಒಪ್ಪಿ, ಈಕೆಯನ್ನು ಭಾವಕಶ್ರೇಷ್ಠಳೆಂದು ಪರಿಗಣಿಸುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಮುದ್ರಣಗಳು ಸುಲಭವಾಗಿ ದೊರೆಯುತ್ತವೆ. ಸಹೃದಯರು ಕೇಳಿ ವಿಚಾರಿಸಬೇಕು.